ಕತ್ತರಿಯಕ್ಕನ ಬೆನ್ನುಮೂಳೆ

ನಾಟಕಶಾಲೆಯ ಹಿಂಬದಿಯಲ್ಲಿ, ಬಣ್ಣದ ಡಬ್ಬಗಳೂ ಕಾಲು ಮುರಿದ ಸಿಂಹಾಸನಗಳೂ ತುಂಬಿದ್ದ ಓಣಿಯನ್ನು ದಾಟಿದರೆ ಉಡುಪಿನ ಕೋಣೆ. ರಂಗದ ಮೇಲೆ ಮೆರೆಯುವ ರಾಜರು, ಕಳ್ಳರು, ದೆವ್ವಗಳು ಎಲ್ಲರೂ ಮೊದಲು ಹುಟ್ಟುತ್ತಿದ್ದದ್ದು ಇಲ್ಲಿ, ಗೋಡೆಗೆ ಒತ್ತಿ ನಿಲ್ಲಿಸಿದ್ದ ಒಂದು ಭಾರಿ ಮರದ ಮೇಜಿನ ಮೇಲೆ, ಚಪ್ಪಟೆಯಾಗಿ ಮಲಗಿಕೊಂಡು. ಅವರನ್ನು ಬಟ್ಟೆಯಿಂದ ಬಿಡಿಸಿ ತೆಗೆಯುತ್ತಿದ್ದವಳು ಕತ್ತರಿಯಕ್ಕ. ಅರವತ್ತು ದಾಟಿದ ಹೆಂಗಸು. ಮದುವೆಯಾದ ಹೊಸದರಲ್ಲಿ ಗುಂಡಿ ಹೊಲಿಯಲು ಸೇರಿದವಳು, ಹಳೆಯ ಕಟಿಂಗ್ ಮಾಸ್ಟರು ಕಣ್ಣು ಮಂಜಾಗಿ ಮನೆಗೆ ಹೋದಾಗ ಅವರ ಕತ್ತರಿಯನ್ನು ಕೈಗೆತ್ತಿಕೊಂಡು ಮತ್ತೆ ಯಾರಿಗೂ ಕೊಟ್ಟಿರಲಿಲ್ಲ. ಅವಳು ಒಮ್ಮೆ ಸೀಮೆಸುಣ್ಣದ ಗೆರೆ ಎಳೆದರೆ ಅದನ್ನು ಪ್ರಶ್ನಿಸುವ ಧೈರ್ಯ ನಿರ್ದೇಶಕರಿಗೂ ಇರಲಿಲ್ಲ. ಪ್ರಶ್ನಿಸಿದವರ ಪ್ಯಾಂಟು ರಂಗದ ಮೇಲೆ ಹೋದಮೇಲೆ ಬಿಗಿಯಾಗುತ್ತದೆ ಎಂಬ ಸುದ್ದಿಯನ್ನು ನಟರೇ ಹಬ್ಬಿಸಿದ್ದರು. ಅವಳು ಅದನ್ನು ಅಲ್ಲಗಳೆಯುವ ಗೋಜಿಗೆ ಹೋಗಿರಲಿಲ್ಲ.

ಅವಳ ಮೂಳೆ ಮುರಿದದ್ದು ಒಂದು ಅಸ್ತರು ಬಟ್ಟೆಯ ಥಾನಿನಿಂದ. ನೆಲದ ಮೇಲಿದ್ದ ಆ ಭಾರದ ಬಟ್ಟೆಸುರುಳಿಯನ್ನು ಬೆನ್ನು ಬಗ್ಗಿಸಿ ಹಿಡಿದಳು, ಎತ್ತಿದಳು, ಹಾಗೆಯೇ ಬಲಕ್ಕೆ ತಿರುಗಿ ಮೇಜಿನ ಮೇಲೆ ಹಾಕಿದಳು. ಇಷ್ಟು ವರ್ಷ ದಿನವೂ ಮಾಡಿದ ಕೆಲಸ. ಆದರೆ ಈ ಸಲ ಬೆನ್ನಿನ ನಡುಮಧ್ಯಕ್ಕೆ ಯಾರೋ ಕಾದ ಇಸ್ತ್ರಿಪೆಟ್ಟಿಗೆಯ ಮೂತಿ ಒತ್ತಿದಂತಾಯಿತು. ಉಸಿರು ಅರ್ಧಕ್ಕೆ ನಿಂತಿತು.

ಪಕ್ಕದ ಹೊಲಿಗೆ ಮಷೀನಿನ ಮುಂದೆ ಕೂತಿದ್ದ ಓರಗಿತ್ತಿ ತಲೆ ಎತ್ತಿದಳು. ಅವಳು ಮೈದುನನ ಹೆಂಡತಿ. ಕೆಲಸಕ್ಕೆ ಕರೆತಂದವಳೂ ಅಕ್ಕನೇ, ಬೈದು ಬೈದು ಕೆಲಸ ಕಲಿಸಿದವಳೂ ಅಕ್ಕನೇ.

"ಅಕ್ಕಾ, ಏನಾಯ್ತು? ಮುಖ ಬಿಳಿಚ್ಕೊಂಡಿದೆ."

"ಏನಿಲ್ಲ, ಉಳುಕಿದೆ. ನೀನು ನಿನ್ನ ಹೊಲಿಗೆ ನೋಡ್ಕೋ, ಸೊಟ್ಟ ಹೋಗ್ತಿದೆ."

ಉಳುಕಿದೆ ಎಂದವಳು ಹಲ್ಲುಕಚ್ಚಿ ಎರಡು ತೋಳುಗಳನ್ನು ಕತ್ತರಿಸಿ ಮುಗಿಸಿದಳು. ಮೂರನೆಯದಕ್ಕೆ ಕೈಹಾಕುವಷ್ಟರಲ್ಲಿ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ತಾಲೀಮಿನ ನಡುವೆ ಓಡಿಬಂದ ಇಬ್ಬರು ಸೈನಿಕರು, ಸೊಂಟದಲ್ಲಿ ತಗಡಿನ ಕತ್ತಿ ತೂಗಾಡುತ್ತಿರುವಂತೆಯೇ, ಅವಳನ್ನು ಕುರ್ಚಿಯ ಸಮೇತ ಹೊತ್ತು ಟ್ಯಾಕ್ಸಿಗೆ ಹತ್ತಿಸಿದರು. ದಾರಿಹೋಕರು ನಿಂತು ನೋಡಿದರು. ಆ ನೋವಿನಲ್ಲೂ ಅವಳು ಒಬ್ಬ ಸೈನಿಕನ ಕಾಲರನ್ನು ಸರಿಮಾಡಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮೂಳೆ ಟೊಳ್ಳಾಗಿದೆ ಅಮ್ಮ. ಆಸ್ಟಿಯೋಪೊರೋಸಿಸ್ ಅಂತೀವಿ. ಬೆನ್ನುಮೂಳೆ ಮೂರು ಕಡೆ ಕುಸಿದಿದೆ. ಒಂದು ಇವತ್ತಿಂದು. ಇನ್ನೆರಡು ಹಳೇವು."

"ಹಳೇವಾ? ನಾನು ಜನ್ಮದಲ್ಲಿ ಬಿದ್ದಿಲ್ಲ."

"ಬೀಳ್ಲೇಬೇಕು ಅಂತೇನಿಲ್ಲ. ಎಷ್ಟೋ ಹೆಂಗಸರಿಗೆ ಇದು ಗೊತ್ತೇ ಆಗಲ್ಲ, ಏನೋ ಹಿಡ್ಕೊಂಡಿದೆ ಅಂತ ಸುಮ್ಮನಾಗ್ತಾರೆ. ಆಮೇಲೆ ಬಟ್ಟೆ ಬೇರೆ ಥರ ಕೂರೋಕೆ ಶುರುವಾಗತ್ತೆ. ಹಿಂದೆ ಮೇಲಕ್ಕೇರತ್ತೆ, ಮುಂದೆ ಜೋಲತ್ತೆ. ನಿಮಗೆ ಹಾಗೇನಾದ್ರೂ ಅನ್ನಿಸಿತ್ತಾ?"

ಕತ್ತರಿಯಕ್ಕನಿಗೆ ನೋವಿಗಿಂತ ಹೆಚ್ಚು ಸಿಟ್ಟು ಬಂತು. "ನನ್ನ ಬಟ್ಟೆ ನಾನೇ ಕತ್ತರಿಸೋದು ಡಾಕ್ಟ್ರೇ. ಅದು ಯಾವತ್ತೂ ಕೆಟ್ಟದಾಗಿ ಕೂತಿಲ್ಲ."

ಹೀಗೆಂದು, ಅವಳು ಮನಸ್ಸಿನಲ್ಲಿ ತೀರ್ಪು ಬರೆದುಬಿಟ್ಟಳು: ಮುರಿದಿರುವುದು ಒಂದೇ ಮೂಳೆ, ಅದೂ ಥಾನಿನ ತಪ್ಪು. ಉಳಿದೆರಡು ಬೇರೆ ಯಾರದೋ ಬೆನ್ನಿನವು, ಎಕ್ಸ್‌ರೇ ಫಿಲ್ಮು ಅದಲುಬದಲಾಗಿದೆ. ಮೂಳೆ ಕೂಡುವವರೆಗೆ ಮಲಗಿದ್ದು ಎದ್ದರೆ ಎಲ್ಲ ಮೊದಲಿನಂತೆ.

ಡಾಕ್ಟರು ಮೂಳೆಗೆ ಒಂದು ಔಷಧಿ, ನೋವಿಗೆ ಒಂದು ಮಾತ್ರೆ ಬರೆದುಕೊಟ್ಟಿದ್ದರು. ಒಂದೆರಡು ದಿನ ಸುಧಾರಿಸಿಕೊಂಡು ಮೆಲ್ಲಗೆ ಓಡಾಡಬೇಕು, ಫಿಸಿಯೋಥೆರಪಿಗೆ ಹೋಗಬೇಕು ಎಂದೂ ಹೇಳಿದ್ದರು. ಅವಳ ಕಿವಿಗೆ ಬಿದ್ದದ್ದು 'ಸುಧಾರಿಸಿಕೊಳ್ಳಿ' ಎಂಬುದೊಂದೇ. ಹಾಸಿಗೆ ಹಿಡಿದಳು. ಗಂಡ ನಿವೃತ್ತ ಬಸ್ ಡ್ರೈವರು. ಹೆಂಡತಿಯನ್ನು ಒಡೆಯುವ ಸಾಮಾನಿನಂತೆ ನೋಡಿಕೊಂಡ. ತಲೆಯ ಕೆಳಗೆ ಒಂದು ದಿಂಬು ಸಾಲದು ಎಂದು ಇನ್ನೊಂದು ತುರುಕಿದ, ಕಾಫಿಯನ್ನು ಬಾಯಿಯವರೆಗೆ ಹಿಡಿದ. ಅವಳು ನೋವಿನ ಮಾತ್ರೆಯನ್ನು ಹೊತ್ತುಹೊತ್ತಿಗೆ ನುಂಗದೆ, ಇನ್ನು ತಡೆಯಲಾರೆ ಎನ್ನುವವರೆಗೆ ಬಿಗಿಹಿಡಿದು, ಆಮೇಲೆ ನುಂಗುತ್ತಿದ್ದಳು. ತಡೆದುಕೊಳ್ಳುವುದನ್ನು ಅವಳು ಒಂದು ಯೋಗ್ಯತೆ ಎಂದುಕೊಂಡಿದ್ದಳು. ಎರಡು ವಾರ ಕಳೆಯುವಷ್ಟರಲ್ಲಿ ಕಾಲು ಹತ್ತಿಯಾಗಿತ್ತು. ಬಚ್ಚಲಿಗೆ ಹೋಗಿಬರುವುದೇ ಒಂದು ದಂಡಯಾತ್ರೆಯಾಗಿತ್ತು.

ಆಗ ಬಂದ ನಾಟಕಶಾಲೆಯ ಮ್ಯಾನೇಜರು. ಮಂಚದ ಪಕ್ಕದ ಸ್ಟೂಲಿನ ಅಂಚಿಗೆ ಕೂತು, ತಂದಿದ್ದ ಹಣ್ಣಿನ ಚೀಲವನ್ನು ತೊಡೆಯ ಮೇಲಿಂದ ಇಳಿಸದೆ ಮಾತಾಡಿದ.

"ಹೊಸ ನಾಟಕಕ್ಕೆ ರಾಜನ ಮೇಲುಹೊದಿಕೆ ಆಗ್ಬೇಕು ಅಕ್ಕ. ಒಂದೇ ತುಂಡು ಮಖಮಲ್ಲು. ನಡುವೆ ಜೋಡಣೆ ಕಾಣಬಾರದು ಅಂತ ನಿರ್ದೇಶಕರು ಹಟ ಹಿಡಿದಿದ್ದಾರೆ. ರಾಜ ಮೆಟ್ಟಿಲು ಹತ್ತಿದ ಮೇಲೂ ಅದು ಕೆಳಗಿನ ಮೆಟ್ಟಿಲವರೆಗೂ ಹರಿದು ಬರಬೇಕಂತೆ. ಬಟ್ಟೆ ತಿಂಗಳ ಕೊನೆಗೆ ಬರತ್ತೆ. ಅಷ್ಟರಲ್ಲಿ ನೀವು ನಿಲ್ಲೋಹಾಗಾದ್ರೆ ಸರಿ..."

"ಆಗ್ದಿದ್ರೆ?"

"ಹೊರಗಡೆ ಕೊಡಬೇಕಾಗತ್ತೆ. ಅಲ್ಲಿ ಕತ್ತರಿಸೋ ಯಂತ್ರ ಇದೆಯಂತೆ. ಒಮ್ಮೆ ಹೊರಗೆ ಹೋದ್ರೆ ಆಮೇಲೆ ಎಲ್ಲಾನೂ ಅಲ್ಲಿಗೇ... ನಿಮಗೇ ಗೊತ್ತಲ್ಲ. ಮೇಜಿನ ಜಾಗಾನ ಬಣ್ಣದೋರು ಆಗ್ಲೇ ಕೇಳ್ತಿದ್ದಾರೆ."

ಅವಳು ತಟ್ಟನೆ ಎದ್ದು ಕೂರಲು ಹೋದಳು. ಆಗಲಿಲ್ಲ. ಮ್ಯಾನೇಜರು ನೋಡಬಾರದ್ದನ್ನು ನೋಡಿದವನಂತೆ ಹಣ್ಣಿನ ಚೀಲ ಅಲ್ಲೇ ಇಟ್ಟು ಹೊರಟುಹೋದ.

"ರೀ," ಎಂದಳು ಅವಳು ಗಂಡನಿಗೆ. "ಆ ಫಿಸಿಯೋ ಅಂತಾರಲ್ಲ, ಅದೆಲ್ಲಿದೆ?"

ಅದು ಬಸ್ ನಿಲ್ದಾಣದ ಎದುರಿಗೆ, ಔಷಧಿ ಅಂಗಡಿಯ ಪಕ್ಕದಲ್ಲಿತ್ತು. ಒಂದು ಎತ್ತರದ ಮಂಚ, ಕೈಯಿಲ್ಲದ ಕುರ್ಚಿಗಳು, ಬಣ್ಣಬಣ್ಣದ ರಬ್ಬರ್ ಪಟ್ಟಿಗಳು, ಗೋಡೆಗೆ ಅಂಟಿಸಿದ ಎತ್ತರದ ಅಳತೆಪಟ್ಟಿ. ಫಿಸಿಯೋ ಎಂದರೆ ತೋಳು ಮಡಚಿದ ಅಂಗಿ ತೊಟ್ಟ ಒಂದು ಹುಡುಗಿ. ಅಂಗಿಯ ಭುಜದ ಹೊಲಿಗೆ ಕೆಳಗೆ ಜಾರಿರುವುದನ್ನು ಅಕ್ಕ ಒಳಗೆ ಕಾಲಿಟ್ಟ ಕೂಡಲೇ ಗಮನಿಸಿದಳು.

"ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ ಅಮ್ಮ. ಹಿಮ್ಮಡಿ ತಾಗಲಿ. ಈಗ ತಲೆ ತಾಗಿಸಿ."

ತಲೆ ತಾಗಲಿಲ್ಲ. ನಡುವೆ ಒಂದು ಅಂಗೈ ತೂರುವಷ್ಟು ಜಾಗ ಉಳಿಯಿತು. ಹುಡುಗಿ ಅಳತೆಪಟ್ಟಿ ನೋಡಿದಳು. "ನಿಮ್ಮ ಎತ್ತರ ಎಷ್ಟು ಅಂದ್ರಿ? ನಾಲ್ಕು ಬೆರಳು ಕಮ್ಮಿ ತೋರಿಸ್ತಿದೆ."

"ನಿಮ್ಮ ಪಟ್ಟಿ ಸರಿಯಿಲ್ಲ."

"ಪಟ್ಟಿ ಹೊಸದು ಅಮ್ಮ."

"ಹಾಗಾದ್ರೆ ನೆಲ ಕುಸಿದಿದೆ. ಹಳೇ ಕಟ್ಟಡ. ನಾನು ಮೂವತ್ತು ವರ್ಷದಿಂದ ಜನರ ಅಳತೆ ತಗೊಳ್ತಿದೀನಿ, ನನಗೆ ಹೇಳ್ಬೇಡ."

ಹುಡುಗಿ ನಗಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ಹಾಸಿಗೆಯಿಂದ ಏಳುವುದನ್ನು ಹೇಳಿಕೊಟ್ಟಳು: ನೆಟ್ಟಗೆ ಎದ್ದು ಕೂರಬಾರದು; ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಬೇಕು. ನೋವಿನ ಮಾತ್ರೆಯ ವಿಷಯಕ್ಕೆ ಬಂದಾಗ ಮಾತ್ರ ಅವಳ ದನಿ ಗಡುಸಾಯಿತು. "ತಡ್ಕೊಂಡು ತಡ್ಕೊಂಡು ಕೊನೆಗೆ ನುಂಗಿದ್ರೆ ಮಾತ್ರೆ ನೋವಿನ ಹಿಂದೆ ಓಡ್ತಾ ಇರತ್ತೆ, ಹಿಡಿಯೋಕಾಗಲ್ಲ. ಡಾಕ್ಟ್ರು ಹೇಳಿದ ಹೊತ್ತಿಗೆ ತಗೊಳ್ಳಿ. ನೋವು ತಗ್ಗಿದಾಗ ಓಡಾಡಿ, ವ್ಯಾಯಾಮ ಮಾಡಿ. ಮಧ್ಯೆ ಮಧ್ಯೆ ಮೊಣಕಾಲು ಮಡಚಿ ಅಂಗಾತ ಮಲಗಿ, ಬೆನ್ನಿಗೆ ಬಿಸಿನೀರಿನ ಚೀಲ ಇಟ್ಕೊಳ್ಳಿ. ಹತ್ತು ನಿಮಿಷ ಸಾಕು. ದಿನವಿಡೀ ಬೇಡ."

ಮಾತ್ರೆಯ ಮಾತನ್ನು ಅಕ್ಕ ಕೇಳಿದಳು. ಮೊದಲ ದಿನವೇ ಗುಣ ಕಂಡು ಒಳಗೊಳಗೇ ಬೆರಗಾದಳು. ಆದರೆ ವ್ಯಾಯಾಮವನ್ನು ಅರೆಮನಸ್ಸಿನಿಂದ ಮಾಡಿದಳು. ಬಗ್ಗಬೇಡಿ, ತಿರುಚಬೇಡಿ ಎಂದದ್ದನ್ನು ಮುರಿದ ಮೂಳೆ ಕೂಡುವವರೆಗಿನ ಮಾತು ಎಂದುಕೊಂಡಳು. ಕೂಡಿದ ಮೇಲೆ ಅದೇ ಮೇಜು, ಅದೇ ಬಗ್ಗುವಿಕೆ, ಇನ್ನೇನಿದೆ?

ಅವಳ ಕಣ್ಣು ತೆರೆಸಿದ್ದು ಒಂದು ಹೊಸ ಅಂಗಿ.

ಅಕ್ಕ ಕೆಲಸಕ್ಕೆ ಮರಳುವ ದಿನ ತೊಡಲೆಂದು ಓರಗಿತ್ತಿ ಅದನ್ನು ತಾನೇ ಕತ್ತರಿಸಿ, ತಾನೇ ಹೊಲಿದು ತಂದಿದ್ದಳು. ಉಡುಪಿನ ಕೋಣೆಯ ಮೊಳೆಗೆ ಎಲ್ಲರ ಅಳತೆಯ ಕಾಗದದ ಅಚ್ಚುಗಳ ಜೊತೆ ಅಕ್ಕನ ಅಚ್ಚೂ ನೇತಾಡುತ್ತಿತ್ತು. ಅದನ್ನೇ ಬಟ್ಟೆಯ ಮೇಲಿಟ್ಟು ಗೆರೆ ಹಾಕಿದ್ದಳು. ಅಕ್ಕ ತೊಟ್ಟು ಕನ್ನಡಿಯ ಮುಂದೆ ನಿಂತಳು. ಅಂಗಿಯ ಹಿಂಭಾಗ ಸೊಂಟದಿಂದ ಮೇಲಕ್ಕೆ ನೆಗೆದಿತ್ತು. ಮುಂಭಾಗ ಹೊಟ್ಟೆಯ ಮೇಲೆ ನೆರಿಗೆ ಬಿದ್ದು ಜೋಲುತ್ತಿತ್ತು. ಕಾಲರು ಕತ್ತನ್ನು ಹಿಂದಿನಿಂದ ತಳ್ಳುತ್ತಿತ್ತು.

"ಏನೇ ಇದು? ಅಂಗಿನಾ, ಗೋಣಿಚೀಲಾನಾ? ಇಷ್ಟು ವರ್ಷ ನನ್ನ ಪಕ್ಕದಲ್ಲಿ ಕೂತು ಕಲಿತಿದ್ದು ಇದೇನಾ?"

"ಅಕ್ಕಾ, ನಾನು ಅಚ್ಚಿಟ್ಟೇ ಕತ್ತರಿಸಿದ್ದು."

"ಅಚ್ಚಿಟ್ಟು ಕತ್ತರಿಸಿದ್ರೆ ಹೀಗೆ ಯಾಕೆ ಕೂರತ್ತೆ? ಹಿಂದೆ ಗಿಡ್ಡ, ಮುಂದೆ ಉದ್ದ. ಕಣ್ಣು ಎಲ್ಲಿಟ್ಕೊಂಡಿದ್ದೆ?"

"ಗೆರೆಗೆ ಗೆರೆ ಇಟ್ಟಿದೀನಿ! ಬೇಕಾದ್ರೆ ಅಳೆದು ನೋಡಿ." ಓರಗಿತ್ತಿಗೂ ರೇಗಿತ್ತು. "ಏನು ಹೊಲಿದ್ರೂ ಬೈಯೋದೇ ಆಯ್ತು. ಹೊಸಬಟ್ಟೆ ತಂದವಳಿಗೆ ಒಂದು ಒಳ್ಳೆ ಮಾತು ಬೇಡ್ವಾ?"

"ಅಚ್ಚು ತೆಗಿ."

ಚೀಲದಲ್ಲಿ ಮಡಚಿಟ್ಟಿದ್ದ ಅಚ್ಚು ಹೊರಬಂತು. ಅಕ್ಕ ಅಂಗಿ ಕಳಚಿ ಮಂಚದ ಮೇಲೆ ಹರವಿಸಿ, ಅಚ್ಚನ್ನು ಅದರ ಮೇಲೆ ಇಡಿಸಿದಳು. ಹೆಗಲು, ಕಂಕುಳು, ಬೆನ್ನು, ಅಂಚು ಎಲ್ಲ ಕೂಡಿದವು. ಒಂದು ಎಳೆಯೂ ಆಚೀಚೆ ಇರಲಿಲ್ಲ. ಅವಳು ಎರಡು ಸಲ ಬೆರಳಾಡಿಸಿ ನೋಡಿದಳು. ಓರಗಿತ್ತಿ ಸೊಂಟದ ಮೇಲೆ ಕೈಯಿಟ್ಟು ಕಾದಳು.

"ಬೀರುವಿನಲ್ಲಿ ನನ್ನ ಹಳೇ ಅಂಗಿಗಳಿವೆ," ಎಂದಳು ಅಕ್ಕ. ಅವಳ ದನಿ ಬದಲಾಗಿತ್ತು. "ಎಲ್ಲಾ ತಗೊಂಡು ಬಾ. ಕೆಳಗಿನ ಖಾನೇದೂ ಬಿಡ್ಬೇಡ."

ಒಂದರ ಮೇಲೊಂದು ಹರವಿದರು. ಎಲ್ಲಕ್ಕಿಂತ ಹಳೆಯದು ಅಚ್ಚಿಗೆ ಸರಿಸಮ. ಅದಾದ ಮೇಲಿನದರಲ್ಲಿ ಬೆನ್ನು ಒಂದಿಷ್ಟು ಉದ್ದ. ಅದರ ನಂತರದ್ದರಲ್ಲಿ ಬೆನ್ನು ಇನ್ನೂ ಉದ್ದ, ಮುಂಭಾಗ ಗಿಡ್ಡ, ಹಿಂಗತ್ತು ಅಗಲ. ಹೋದ ವರ್ಷದ್ದರಲ್ಲಿ ಹೆಗಲಿನ ನಡುವೆ ಒಂದು ಡಾರ್ಟು ಕೂಡ ಹಿಡಿದಿತ್ತು, ಗೂನಿಗೆ ಜಾಗ ಬಿಡುವ ಚೂಪು ಮಡಿಕೆ. ಅದನ್ನು ಹಿಡಿದದ್ದು ಯಾವಾಗ ಎಂದು ಅವಳಿಗೆ ನೆನಪಿರಲಿಲ್ಲ. ಬಟ್ಟೆ ಏರುತ್ತದೆ ಅನ್ನಿಸಿದಾಗಲೆಲ್ಲ ಕೈ ತಾನಾಗಿ ಸೀಮೆಸುಣ್ಣವನ್ನು ಅಚ್ಚಿನಿಂದ ಒಂದಿಷ್ಟು ಆಚೆ ಸರಿಸಿತ್ತು. ಗಿರಾಕಿಯ ಮೈಯ ಊನವನ್ನು ಬಟ್ಟೆಯಲ್ಲಿ ಮುಚ್ಚುವುದು ಕಸುಬು. ಆ ಕಸುಬಿನಲ್ಲಿ ಅವಳು ಎಷ್ಟು ಪಳಗಿದ್ದಳೆಂದರೆ ತನ್ನ ಬೆನ್ನು ಕುಸಿಯುತ್ತಿರುವುದನ್ನು ತನ್ನ ಕಣ್ಣಿಗೇ ಕಾಣದಂತೆ ವರ್ಷಗಟ್ಟಲೆ ಮುಚ್ಚಿದ್ದಳು. ಬೇರೆ ಯಾವ ಕೆಲಸದ ಹೆಂಗಸಾಗಿದ್ದರೂ ಅಂಗಿ ಎಂದೋ ಚಾಡಿ ಹೇಳಿಬಿಡುತ್ತಿತ್ತು.

"ಫಿಲ್ಮು ನಂದೇ," ಎಂದಳು. "ಮೂರೂ ನಂದೇ."

ಓರಗಿತ್ತಿ ಅಕ್ಕ ಅಳುತ್ತಾಳೆಂದು ಹೆದರಿ ಹತ್ತಿರ ಬಂದಳು. ಅಕ್ಕ ಅಳಲಿಲ್ಲ. ಕಣ್ಣುಗಳು ಹೊಳೆಯುತ್ತಿದ್ದವು. ತಪ್ಪು ಎಲ್ಲಿದೆ ಎಂದು ಗೊತ್ತಾಗದಿದ್ದಾಗ ಸಿಡುಕುವವಳು, ಸಿಕ್ಕಿಬಿದ್ದ ಕೂಡಲೇ ಹುರುಪಾಗುವವಳು ಅವಳು. "ಕಟ್ಟು ಇದನ್ನೆಲ್ಲ. ಬೆಳಗ್ಗೆ ಆ ಹುಡುಗಿ ಹತ್ರ ಹೋಗೋಣ. ಮತ್ತೆ... ಅಂಗಿ ಚೆನ್ನಾಗಿ ಹೊಲಿದಿದೀಯ."

"ಏನಂದ್ರಿ?"

"ಒಂದೇ ಸಲ ಹೇಳೋದು ನಾನು."

ಮರುದಿನ ಫಿಸಿಯೋ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಗಂಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದರು. ಎತ್ತರದ ಮಂಚದ ಮೇಲೆ ಅಂಗಿಗಳನ್ನು ಸಾಲಾಗಿ ಹರವಿದಾಗ ಆ ಹುಡುಗಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ಅಮ್ಮಾ! ಇಷ್ಟು ಸ್ಪಷ್ಟವಾಗಿ ನಾನು ಎಲ್ಲೂ ನೋಡಿಲ್ಲ! ಒಂದು ಫೋಟೋ ತಗೊಳ್ಳಲಾ?"

"ಫೋಟೋ ಆಮೇಲೆ. ಈ ಬೆನ್ನನ್ನ ಮತ್ತೆ ನೆಟ್ಟಗೆ ಮಾಡೋದು ಹೇಗೆ, ಅದು ಹೇಳು."

"ಸುಳ್ಳು ಹೇಳಲ್ಲ. ಕುಸಿದ ಮೂಳೆ ಮತ್ತೆ ಏಳಲ್ಲ. ಹೋದ ಎತ್ತರ ಹೋಯ್ತು. ಆದ್ರೆ ಬೆನ್ನಿನ ಸ್ನಾಯು ಸೋತು ಬಗ್ಗಿರೋದೂ ಇದೆ, ಅದನ್ನ ಎತ್ತಬಹುದು. ಕಾಲಿಗೆ ಬಲ ತರಬಹುದು, ಬೀಳದ ಹಾಗೆ ನಿಲ್ಲೋದು ಕಲಿಯಬಹುದು. ಇನ್ನೊಂದು ಮೂಳೆ ಮುರಿಯೋ ಸಂಭವ ತಗ್ಗಿಸಬಹುದು, ಅದಕ್ಕೆ ಡಾಕ್ಟ್ರ ಔಷಧಿ ಬಿಡಬಾರದು. ಮತ್ತೆ ಬೆನ್ನು ಮುಂದಕ್ಕೆ ಬಗ್ಗಿಸಿ ಭಾರ ಎತ್ತೋದು, ಎತ್ತಿ ತಿರುಚೋದು, ಅದು ಈ ಜನ್ಮಕ್ಕೆ ಸಾಕು."

"ತಿಂಗಳ ಕೊನೆಗೆ ನಾನು ಮೇಜಿನ ಮುಂದೆ ನಿಲ್ಬೇಕು."

ಹುಡುಗಿ ಲೆಕ್ಕಹಾಕಿದಳು. "ನಿಲ್ಬಹುದು. ಬಗ್ಗೋಕಾಗಲ್ಲ. ಮಾಡ್ತೀರಾ?"

"ಮಾಡಿಸು."

ಅಂದಿನಿಂದ ಮನೆ ಕಸರತ್ತಿನ ಅಖಾಡವಾಯಿತು. ಅಡುಗೆಕಟ್ಟೆಯ ಅಂಚು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಹಾಲು ಕಾಯುವವರೆಗೆ ಅದೇ. ಕುರ್ಚಿಯಿಂದ ಕೈಯೂರದೆ ಎದ್ದು, ಧೊಪ್ಪೆಂದು ಬೀಳದೆ ಕೂರುವುದು. ಗೋಡೆಗೆ ಅಂಗೈ ಒತ್ತಿ ತಳ್ಳುವುದು. ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಹೆಗಲಿನ ಮೂಳೆಗಳು ಹಿಂದೆ ಸೇರುವಂತೆ ಎಳೆಯುವುದು. ಕಟ್ಟೆಯ ಪಕ್ಕದಲ್ಲೇ ಒಂದು ಕಾಲಿನ ಮೇಲೆ ನಿಲ್ಲುವುದು. ನೋವು ಸಾಕಷ್ಟು ಇಳಿದ ಮೇಲೆ, ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿ ಎದೆಯನ್ನು ಕೊಂಚವೇ ಎತ್ತುವುದು. ಎಲ್ಲಕ್ಕಿಂತ ಕಷ್ಟದ್ದು ಬಾಗುವುದನ್ನು ಹೊಸದಾಗಿ ಕಲಿಯುವುದು: ಬೆನ್ನು ಹಲಗೆಯಂತೆ ಇರಬೇಕು, ಮೊಣಕಾಲು ಸಡಿಲ ಬಿಡಬೇಕು, ಸೊಂಟದ ಕೀಲಿನಿಂದ ಮಾತ್ರ ಬಾಗಬೇಕು. ಬೆನ್ನ ಮೇಲೆ ಪೊರಕೆಯ ಕೋಲನ್ನು ಉದ್ದಕ್ಕೆ ಹಿಡಿಯುವ ಕೆಲಸ ಗಂಡನದು.

"ಕೋಲು ಬೆನ್ನು ಬಿಟ್ಟಿತು ಕಣೆ. ಬೆನ್ನು ಬಿಲ್ಲು ಮಾಡ್ದೆ."

"ಬಿಟ್ಟಿಲ್ಲ."

"ಬಿಟ್ಟಿತು. ಮೂವತ್ತೈದು ವರ್ಷ ಬಸ್ಸು ಓಡಿಸಿದೀನಿ, ನೇರ ಅಂದ್ರೆ ಏನು ಅಂತ ಗೊತ್ತು ನನಗೆ."

"ಹಾಗಾದ್ರೆ ನೀವೇ ಮಾಡಿ ತೋರಿಸಿ."

ಅವನು ಕುರ್ಚಿಯ ಪಾಠದಿಂದ ಶುರುಮಾಡಲು ಹೋಗಿ, ಕೈಯೂರದೆ ಏಳಲಾರದೆ ಕೂತಲ್ಲೇ ಉಳಿದ. ಅಕ್ಕ ನಕ್ಕಳು. ನಕ್ಕರೆ ಬೆನ್ನು ಚುಚ್ಚುವ ಕಾಲ ಕಳೆದಿದೆ ಎಂಬುದು ಆಗ ಅವಳಿಗೆ ತಿಳಿಯಿತು. ಮರುದಿನದಿಂದ ಅವನೂ ಅಡುಗೆಕಟ್ಟೆ ಹಿಡಿದು ಪಕ್ಕದಲ್ಲಿ ನಿಂತ.

ಆದರೆ ಹುರುಪು ಕೆಟ್ಟದ್ದೂ ಹೌದು. ಒಂದು ದಿನ ಬೆನ್ನು ಹಗುರವಾಗಿದೆ ಅನ್ನಿಸಿ, ಇಡೀ ಪಾಠವನ್ನು ಮತ್ತೆ ಮತ್ತೆ ಮಾಡಿ, ಮೇಲೆ ಒಂದು ಬಕೆಟ್ ಬಟ್ಟೆಯನ್ನೂ ಒಗೆದು ಹಾಕಿದಳು. ಸಂಜೆಗೆ ಮೈ ಸೆಟೆದು ಹಲಗೆಯಾಯಿತು. ಫೋನಿನಲ್ಲಿ ಹುಡುಗಿ ಮುಲಾಜಿಲ್ಲದೆ ಬೈದಳು. "ಚೆನ್ನಾಗಿರೋ ದಿನ ಎಲ್ಲಾ ಖರ್ಚು ಮಾಡಿಬಿಡೋದು, ಆಮೇಲೆ ಮೂರು ದಿನ ಮಲಗೋದು. ಇದೇ ಎಲ್ಲರೂ ಮಾಡೋ ತಪ್ಪು! ಬೆಳಗ್ಗೆ ಹೊತ್ತಿಗೆ ಇಳಿಯೋ ನೋವಾದ್ರೆ ಚಿಂತೆಯಿಲ್ಲ, ಸ್ವಲ್ಪ ಕಮ್ಮಿ ಮಾಡಿ ಮುಂದುವರಿಸಿ. ಹೊಸದಾಗಿ ಚಳುಕು ಬಂತಾ? ಕಾಲು ಜೋಮು ಹಿಡೀತಾ? ಹಾಗಿದ್ರೆ ನಿಲ್ಲಿಸಿ ಡಾಕ್ಟ್ರ ಹತ್ರ ಓಡಿ."

ಚಳುಕಿರಲಿಲ್ಲ, ಜೋಮೂ ಇರಲಿಲ್ಲ. ಬೆಳಗಿನ ಹೊತ್ತಿಗೆ ನೋವು ಇಳಿದಿತ್ತು. ಅಂದಿನಿಂದ ಅಕ್ಕ ತನ್ನ ಬಲವನ್ನು ಅಪರೂಪದ ಬಟ್ಟೆಯಂತೆ, ಅಳೆದು, ತುಂಡು ಉಳಿಸಿಕೊಂಡು ಬಳಸಿದಳು.

ಮಖಮಲ್ಲು ತಿಂಗಳ ಕೊನೆಗೆ ಬರಬೇಕಿತ್ತು. ಬಂದದ್ದು ಒಂದು ವಾರ ಮೊದಲು.

"ಅಕ್ಕಾ!" ಫೋನಿನಲ್ಲಿ ಓರಗಿತ್ತಿ ಕಿರುಚುತ್ತಿದ್ದಳು. "ಬಂದಿದೆ! ಕುಂಕುಮದ ಕೆಂಪು! ಕೈಯಿಟ್ರೆ ಕೈ ಮುಳುಗತ್ತೆ! ಮ್ಯಾನೇಜರು ಹೊರಗಿನೋರಿಗೆ ಫೋನ್ ಮಾಡ್ತೀನಿ ಅಂತಿದ್ದಾರೆ!"

"ಫೋನು ಕಿತ್ಕೋ ಅವನ ಕೈಯಿಂದ. ಬಂದೆ."

ಹೊರಡುವ ಮೊದಲು ಫಿಸಿಯೋ ಹುಡುಗಿಯನ್ನು ಫೋನಿನಲ್ಲಿ ಕೇಳಿದಳು. ಅವಳು ಹೂಂ ಅಂದಳು, ಷರತ್ತಿನೊಂದಿಗೆ: ಬೆನ್ನು ಬಗ್ಗಿಸಬಾರದು, ಇಪ್ಪತ್ತು ನಿಮಿಷಕ್ಕೊಮ್ಮೆ ಮಲಗಬೇಕು, ಯಾವ ಥಾನನ್ನೂ ಮುಟ್ಟಬಾರದು. ಅಕ್ಕ ಅಡುಗೆಮನೆಯ ಅಲಾರಾಂ ಗಡಿಯಾರವನ್ನು ಚೀಲಕ್ಕೆ ಹಾಕಿಕೊಂಡಳು. ಚಾಪೆಯನ್ನು ಗಂಡ ಹೆಗಲಿಗೇರಿಸಿದ.

ಉಡುಪಿನ ಕೋಣೆಯೊಳಗೆ ಕಾಲಿಟ್ಟು ಅವಳು ಮೊದಲು ನೋಡಿದ್ದು ಮೇಜನ್ನು. ಎಷ್ಟು ತಗ್ಗು! ತನ್ನ ಸೊಂಟಕ್ಕೂ ಕೆಳಗೆ. ಹಳೆಯ ಮಾಸ್ಟರು ಕುಳ್ಳಗಿನ ಮನುಷ್ಯ. ಅವರ ಮೈಗೆ ಮಾಡಿಸಿದ ಮೇಜು. ಸಾವಿರಾರು ಜನರ ಮೈಗೆ ತಕ್ಕಂತೆ ಬಟ್ಟೆಯನ್ನು ತಿದ್ದಿದವಳು, ತನ್ನ ಮೈಗೆ ತಕ್ಕಂತೆ ಮೇಜನ್ನು ತಿದ್ದಬಹುದೆಂದು ಒಂದು ದಿನವೂ ಯೋಚಿಸಿರಲಿಲ್ಲ.

"ಎತ್ತಿಸಿ ಇದನ್ನ," ಎಂದಳು. "ನನ್ನ ಮೊಣಕೈವರೆಗೂ ಬರಬೇಕು. ಗೋಡೆಯಿಂದ ಈಚೆಗೆ ಎಳೆಸಿ, ನಾನು ಸುತ್ತಲೂ ನಡೀಬೇಕು."

"ಅಕ್ಕಾ, ಇದು ಇಲ್ಲಿ ನಿಂತು ಎಷ್ಟು ವರ್ಷ ಆಯ್ತು..." ಎಂದ ಮ್ಯಾನೇಜರು.

"ಅದಕ್ಕೇ ನಾನು ಹೀಗಾದೆ. ಎತ್ತಿಸಿ!"

ಬಡಗಿಗಳು ಬಂದರು, ನಟರು ಬಂದರು, ಬೆಳಕಿನವರು ಬಂದರು. "ಹೇ, ಆ ಕಡೆ ಹಿಡಿ!" "ಕಾಲು, ಕಾಲು, ನನ್ನ ಕಾಲು!" ಮೇಜು ನರಳುತ್ತಾ ಗೋಡೆ ಬಿಟ್ಟಿತು. ಅದರ ಹಿಂದೆ ಕಳೆದುಹೋಗಿದ್ದ ಗುಂಡಿಗಳ ರಾಶಿಯೇ ಇತ್ತು. ಒಂದೊಂದು ಕಾಲಿನ ಕೆಳಗೂ ರಂಗದ ಮೆಟ್ಟಿಲಿಗೆ ಬಳಸುವ ದಪ್ಪ ಮರದ ದಿಮ್ಮಿ ಕೂತಿತು. ಬಡಗಿ ಅಲುಗಾಡಿಸಿ ನೋಡಿ, ಮೊಳೆ ಹೊಡೆದು ಭದ್ರ ಮಾಡಿದ. ಮಖಮಲ್ಲು ಮೇಜಿನ ಮೇಲೆ ಬಿಚ್ಚಿಕೊಂಡಿತು. ಅದರ ನವಿರು ಒಂದೇ ದಿಕ್ಕಿಗೆ ಹೊರಳಿ ಹೊಳೆಯುತ್ತಿತ್ತು. ಕತ್ತರಿ ಒಮ್ಮೆ ತಪ್ಪಿದರೆ ತೇಪೆ ಹಾಕುವಂತಿಲ್ಲ. ಇನ್ನೊಂದು ತುಂಡು ತರಿಸಲು ಹೊತ್ತಿಲ್ಲ.

ಅಕ್ಕ ಗೆರೆ ಎಳೆದಳು. ಒಂದು ಕೈಯನ್ನು ಮೇಜಿಗೆ ಊರಿ, ಒಂದು ಕಾಲನ್ನು ತಗ್ಗಿನ ಸ್ಟೂಲಿನ ಮೇಲಿಟ್ಟು, ನೆಟ್ಟಗೆ ನಿಂತು ಎಳೆದಳು. ಅಲಾರಾಂ ಹೊಡೆಯಿತು. ಸೀಮೆಸುಣ್ಣ ಕೆಳಗಿಟ್ಟು, ಚಾಪೆಯ ಮೇಲೆ ಮಗ್ಗುಲಾಗಿ ಇಳಿದು, ಮೊಣಕಾಲು ಮಡಚಿ ಅಂಗಾತ ಮಲಗಿ ಕಣ್ಣು ಮುಚ್ಚಿದಳು.

"ಮಲಗಿಬಿಟ್ರಲ್ಲ!" ಮ್ಯಾನೇಜರಿಗೆ ಬೆವರು ಕಿತ್ತುಬಂತು.

"ಹತ್ತು ನಿಮಿಷ ಬಾಯಿ ಮುಚ್ಕೊಂಡಿರಿ," ಎಂದ ಗಂಡ. "ಡಿಪೋದಲ್ಲಿ ಬಸ್ಸಿಗೂ ಬಿಡುವು ಕೊಡ್ತಾರೆ."

ಎದ್ದಳು. ಕತ್ತರಿ ಹಿಡಿದಳು. ಅಂಚಿನ ಬಾಗು ಹರಿಯತೊಡಗಿತು. ಅವಳು ಮೇಜಿನ ಸುತ್ತ ನಡೆಯುತ್ತಾ ಕತ್ತರಿಸಿದಳು, ಮಲಗಿದಳು, ಎದ್ದು ಮತ್ತೆ ಕತ್ತರಿಸಿದಳು. ಕೊನೆಗೆ ಉಳಿದದ್ದು ಕುತ್ತಿಗೆಯ ಸುತ್ತು. ಅದು ಮೇಜಿನ ಸರಿಯಾದ ನಡುವಿನಲ್ಲಿತ್ತು. ಯಾವ ಕಡೆಯಿಂದ ಕೈಚಾಚಿದರೂ ಎಟುಕಲಿಲ್ಲ. ಗೆರೆ ಹಾಕುವಾಗ ಬಟ್ಟೆಯನ್ನೇ ಹತ್ತಿರಕ್ಕೆ ಎಳೆಸಿಕೊಂಡಿದ್ದಳು; ಅಂಚು ಕತ್ತರಿಸಿದ ಮೇಲೆ ಈಗ ಎಳೆದರೆ ಗೆರೆ ಸರಿಯುತ್ತದೆ. ಹಿಂದೆಲ್ಲ ಅವಳು ಹೊಟ್ಟೆಯನ್ನು ಮೇಜಿಗೊತ್ತಿ, ಇಡೀ ಮೈಯನ್ನು ಬಟ್ಟೆಯ ಮೇಲೆ ಬಾಗಿಸಿಬಿಡುತ್ತಿದ್ದಳು. ಒಂದು ಕ್ಷಣದ ಕೆಲಸ. ಈಗಲೂ ಎದೆ ಮುಂದೆ ಬಾಗಿತು, ತೋಳು ಚಾಚಿತು, ಬೆನ್ನು ಬಿಲ್ಲಾಗತೊಡಗಿತು.

"ಅಕ್ಕಾ! ಬೆನ್ನು!"

ಓರಗಿತ್ತಿಯ ಕೂಗಿಗೆ ಕೋಣೆಯೇ ನಡುಗಿತು. ಅಕ್ಕ ಹಾಗೆಯೇ ನಿಂತಳು. ಆಮೇಲೆ ಇಂಚಿಂಚಾಗಿ ನೆಟ್ಟಗಾದಳು. ಕತ್ತರಿಯನ್ನು ನೋಡಿದಳು. ಈ ಮೇಜಿನ ಮೇಲೆ ಅದನ್ನು ಬೇರೆ ಕೈ ಹಿಡಿದದ್ದು ಹಳೆಯ ಮಾಸ್ಟರು ಹೋದ ಮೇಲೆ ಇಲ್ಲವೇ ಇಲ್ಲ.

"ಬಾ ಇಲ್ಲಿ," ಎಂದಳು. "ಚಪ್ಪಲಿ ಬಿಟ್ಟು ಸ್ಟೂಲ್ ಹತ್ತು. ಕುತ್ತಿಗೆ ನೀನು ಬಿಡಿಸು."

"ನಾನಾ? ಮಖಮಲ್ಲಾ? ನನ್ನ ಕೈ ನೋಡಿ, ಹೇಗೆ ನಡುಗ್ತಿದೆ!"

"ನಡುಗಲಿ. ಗೆರೆ ನಡುಗಿಲ್ಲ. ನೀನು ಗೆರೆಗೆ ಗೆರೆ ಕತ್ತರಿಸ್ತೀಯ, ಅಳೆದು ನೋಡಿದೀನಿ. ಕೆಳಗಿನ ಅಲಗು ಮೇಜು ಬಿಡಬಾರದು. ಕತ್ತರಿ ಬಾಯಿ ಪೂರ್ತಿ ಮುಚ್ಚಬೇಡ. ಹಾಂ, ಹೊರಡು."

ಕತ್ತರಿ ಹೊರಟಿತು. "ಮೆಲ್ಲಗೆ. ಬಟ್ಟೆ ತಿರುಗಿಸ್ಬೇಡ, ನೀನು ತಿರುಗು. ಉಸಿರು ಬಿಡೇ, ಸತ್ತು ಗಿತ್ತು ಹೋದೀಯ! ಹಾಂ. ಈಗ ಸುತ್ತು ಚಿಕ್ಕದಾಗತ್ತೆ. ಬೆರಳಗಲ, ಬೆರಳಗಲ..." ಇಬ್ಬರ ಹಣೆಯಲ್ಲೂ ಬೆವರು. ಅಲಾರಾಂ ಹೊಡೆಯಿತು, ಗಂಡ ಅದರ ಬಾಯಿಗೆ ಬಡಿದ. ಕೊನೆಯ ಕಚ್ಚು ಬಿತ್ತು. ಗುಂಡನೆಯ ಒಂದು ಚೂರು ಬಟ್ಟೆಯಿಂದ ಬಿಟ್ಟುಕೊಂಡು ಓರಗಿತ್ತಿಯ ಅಂಗೈಯಲ್ಲಿ ಕೂತಿತು.

ನಟರು ಹೊದಿಕೆಯನ್ನು ಎತ್ತಿ ಹಿಡಿದರು. ರಾಜನ ಪಾತ್ರದವನು ಕೆಳಗೆ ನುಸುಳಿ ತಲೆ ತೂರಿಸಿದ. ಕೆಂಪು ಬಟ್ಟೆ ಅವನ ಹೆಗಲಿಂದ ಇಳಿದು, ನೆಲಕ್ಕೆ ಬಿದ್ದು, ಬಾಗಿಲ ಕಡೆಗೆ ಹರಿಯಿತು. ಕುತ್ತಿಗೆ ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಸಡಿಲಾಗಲಿಲ್ಲ. ಯಾರೋ ಸಿಳ್ಳೆ ಹೊಡೆದರು. ಓರಗಿತ್ತಿ ಸ್ಟೂಲಿನ ಮೇಲಿಂದಲೇ ಚಪ್ಪಾಳೆ ತಟ್ಟಿಕೊಂಡಳು.

ಅಕ್ಕನ ಬೆನ್ನು ಉರಿಯುತ್ತಿತ್ತು. ಚುಚ್ಚುತ್ತಿರಲಿಲ್ಲ, ಚಳುಕಿರಲಿಲ್ಲ, ದಣಿದ ಸ್ನಾಯುವಿನ ಉರಿ. ಇದು ಬೆಳಗಿನ ಹೊತ್ತಿಗೆ ಇಳಿಯುವ ನೋವು ಎಂದು ಅವಳಿಗೆ ಈಗ ಗೊತ್ತಿತ್ತು.

"ಅಕ್ಕಾ, ಇನ್ನು ಮಂತ್ರಿಗಳ ಕೋಟು," ಎಂದ ಮ್ಯಾನೇಜರು ಕೈ ಹೊಸೆಯುತ್ತಾ. "ಅದನ್ನೂ ನೀವೇ... ಯಾವಾಗ ಶುರು ಮಾಡೋಣ?"

"ನಾಳೆ. ದೊಡ್ಡ ಗೆರೆಗಳೆಲ್ಲ ನಂದು, ಕೈ ಎಟುಕದ್ದೆಲ್ಲ ಇವಳದ್ದು. ಇವಳಿಗೂ ಒಂದು ಕತ್ತರಿ ತರಿಸಿ, ಒಳ್ಳೆಯದು, ಅಗ್ಗದ್ದು ಬೇಡ. ಥಾನು ಎತ್ತೋಕೆ ಒಬ್ಬರನ್ನ ಗೊತ್ತುಮಾಡಿ. ಮೇಜು ಇಲ್ಲೇ ಇರತ್ತೆ, ಇಷ್ಟೇ ಎತ್ತರದಲ್ಲಿ. ಬಣ್ಣದೋರಿಗೆ ಹೇಳಿಬಿಡಿ."

"ಆಯ್ತು ಅಕ್ಕ. ಹಾಗಾದ್ರೆ ಅಳತೆ ಈಗಲೇ..."

ಅಷ್ಟರಲ್ಲಿ ಅವಳು ಚಾಪೆಯ ಮೇಲೆ ಮಗ್ಗುಲಾಗಿ ಇಳಿದಾಗಿತ್ತು. ಮೊಣಕಾಲು ಮಡಚಿ, ಕಣ್ಣು ಮುಚ್ಚಿ, ಕೈಯೆತ್ತಿ ಅವನಿಗೆ ಬಾಗಿಲು ತೋರಿಸಿದಳು.